ಬಿಡಿಒ ಸಾಹೇಬರ ರುಜು

ಯಾವುದಾದರೂ ತಾಲ್ಲೂಕು ಕೇಂದ್ರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ವಯಸ್ಸಾದ ಆಟೊ ಡ್ರೈವರ್ ಒಬ್ಬರನ್ನು ‘ತಾಲ್ಲೂಕು ಪಂಚಾಯಿತಿ ಕಚೇರಿ ಎಲ್ಲಿ?’ ಎಂದು ಕೇಳಿ. ‘ಬಿಡಿಒ ಆಫೀಸಾ? ಹತ್ತಿ’ ಎನ್ನುತ್ತಾರೆ. ಅಲ್ಲಿ ಬಿಡಿಒ ಎಂಬ ಅಧಿಕಾರಿ ಇಲ್ಲದೆ ಮೂವತ್ತು ವರ್ಷದ ಮೇಲಾಯಿತು. ಬಾಗಿಲ ಮೇಲಿನ ಫಲಕದಲ್ಲಿ ‘ಕಾರ್ಯನಿರ್ವಾಹಕ ಅಧಿಕಾರಿ’ ಎಂದು ಬರೆದಿದೆ. ಜನರ ಬಾಯಲ್ಲಿ ಮಾತ್ರ ಆ ಮೂರಕ್ಷರ ಇನ್ನೂ ಅಳಿಸಿಲ್ಲ.

ಅಳಿಸದಿರಲು ಕಾರಣವೂ ಇದೆ. ಕಂದಾಯ ಕೇಳದ, ಲಾಠಿ ಹಿಡಿಯದ, ಕೊಡುವುದಕ್ಕೆಂದೇ ನೇಮಕವಾದ ಸರ್ಕಾರಿ ಮನುಷ್ಯನನ್ನು ನಮ್ಮ ಹಳ್ಳಿಗಳು ಮೊದಲು ಕಂಡದ್ದು ಬಿಡಿಒ ರೂಪದಲ್ಲಿ. ಅದಕ್ಕೂ ಮುಂಚೆ ಕೊಡುವವನೂ ಕೀಳುವವನೂ ಒಬ್ಬನೇ. ಹಳೇ ಮೈಸೂರಿನವರಿಗೆ ಅವನು ಅಮಲ್ದಾರ, ಧಾರವಾಡದ ಕಡೆಯವರಿಗೆ ಮಾಮಲೇದಾರ. ಬರ ಬಂದಾಗ ಬಾವಿ ತೋಡಲು, ಬೀಜಕ್ಕೆ, ಎತ್ತಿಗೆ ಸರ್ಕಾರ ಕೊಡುತ್ತಿದ್ದ ತಕಾವಿ ಸಾಲ ಅವನ ಕಚೇರಿಯಿಂದಲೇ ಹೊರಡಬೇಕಿತ್ತು. ಬ್ರಿಟಿಷ್ ಪ್ರಾಂತ್ಯಗಳಲ್ಲಿ 1883 ಮತ್ತು 1884ರಲ್ಲಿ ಇದಕ್ಕೆಂದೇ ಎರಡು ಕಾಯ್ದೆಗಳು ಬಂದವು. ತೀರಿಸದಿದ್ದರೆ ಕಂದಾಯದ ಬಾಕಿಯ ಹಾಗೆಯೇ ವಸೂಲಿ ಮಾಡಬಹುದಿತ್ತು. ಬಡ್ಡಿ ಹೆಚ್ಚಾದರೂ ಸಾಹುಕಾರನೇ ವಾಸಿ ಎಂದು ರೈತ ಆ ಕಡೆ ನಡೆದರೆ ಆಶ್ಚರ್ಯವೇನು?

ಮೈಸೂರು ಸಂಸ್ಥಾನ ಬೇರೊಂದು ದಾರಿ ಹಿಡಿದು ನೋಡಿತ್ತು. ವಿಶ್ವೇಶ್ವರಯ್ಯನವರ ಒತ್ತಾಸೆಯಿಂದ 1911ರಲ್ಲಿ ಶುರುವಾದ ಮೈಸೂರು ಸಂಪದಭ್ಯುದಯ ಸಮಾಜ ಕೃಷಿ, ಕೈಗಾರಿಕೆ, ಶಿಕ್ಷಣಗಳಿಗೆ ಸಮಿತಿಗಳನ್ನು ಮಾಡಿಕೊಂಡು, ಅಧಿಕಾರಿಗಳನ್ನೂ ಊರ ಪ್ರಮುಖರನ್ನೂ ಒಂದೇ ಮೇಜಿನ ಸುತ್ತ ಕೂರಿಸಿತು. ನಮ್ಮ ಕನ್ನಡ ಸಾಹಿತ್ಯ ಪರಿಷತ್ತು 1915ರಲ್ಲಿ ಹುಟ್ಟಿದ್ದೂ ಇದೇ ಸಮಾಜದ ಚರ್ಚೆಗಳಿಂದ. ರೇಷ್ಮೆ, ರಾಗಿ, ಸಾಬೂನಿನ ಜೊತೆ ಭಾಷೆಯನ್ನೂ ಸಂಪತ್ತೆಂದು ಲೆಕ್ಕ ಹಿಡಿದ ಆ ಕಾಲದ ಅಧಿಕಾರಿಗಳ ಮೇಲೆ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಇದೆ. ಆದರೆ ಅಲ್ಲೂ ತಾಲ್ಲೂಕಿನಲ್ಲಿ ಕೆಲಸ ಬಿದ್ದದ್ದು ಅಮಲ್ದಾರರ ತಲೆಗೇ. ಅಭಿವೃದ್ಧಿಗೆಂದು ಬೇರೆ ಕುರ್ಚಿ ಹಾಕಿರಲಿಲ್ಲ.

ಆ ಕುರ್ಚಿಗೆ ಮರ ಸಿಕ್ಕಿದ್ದು ಎರಡು ಊರುಗಳಲ್ಲಿ. ಒಂದು, ಉತ್ತರ ಪ್ರದೇಶದ ಇಟಾವಾ ಜಿಲ್ಲೆಯ ಮಹೇವಾ. ಎರಡನೇ ಮಹಾಯುದ್ಧದಲ್ಲಿ ಸೈನ್ಯದ ಎಂಜಿನಿಯರಾಗಿ ಭಾರತಕ್ಕೆ ಬಂದಿದ್ದ ಅಮೆರಿಕದ ನಗರಯೋಜಕ ಆಲ್ಬರ್ಟ್ ಮೇಯರ್ ನೆಹರೂ ಅವರ ಪರಿಚಯ ಬೆಳೆಸಿಕೊಂಡು, 1948ರಲ್ಲಿ ಅಲ್ಲಿನ ಹಳ್ಳಿಗಳಲ್ಲಿ ಒಂದು ಪ್ರಯೋಗಕ್ಕೆ ಕೈಹಾಕಿದರು. ಚಂಡೀಗಢದ ಮೊದಲ ನಕ್ಷೆ ಬರೆದವರೂ ಇವರೇ. ಕೃಷಿಗೊಬ್ಬ, ದನಕ್ಕೊಬ್ಬ, ಆರೋಗ್ಯಕ್ಕೊಬ್ಬ ಎಂದು ಆಳುಗಳನ್ನು ಕಳಿಸುವ ಬದಲು, ಕೆಲವು ಹಳ್ಳಿಗಳಿಗೆ ಎಲ್ಲ ವಿಷಯ ಬಲ್ಲ ಒಬ್ಬನನ್ನೇ ಕಳಿಸಿ ನೋಡಿದರು. ಮುಂದೆ ದೇಶವೆಲ್ಲ ‘ಗ್ರಾಮಸೇವಕ’ ಎಂದು ಕರೆದದ್ದು ಇವನನ್ನೇ. ಇನ್ನೊಂದು ಊರು ಕರ್ನಾಲ್ ಬಳಿಯ ನೀಲೋಖೇಡಿ. ದೇಶ ವಿಭಜನೆಯಲ್ಲಿ ಮನೆಮಠ ಕಳೆದುಕೊಂಡು ಬಂದ ಸಾವಿರಾರು ನಿರಾಶ್ರಿತರನ್ನು ಕಟ್ಟಿಕೊಂಡು ಎಸ್.ಕೆ. ಡೇ ಎಂಬ ಎಂಜಿನಿಯರು ಜೌಗು ನೆಲದಲ್ಲಿ ಪಟ್ಟಣವನ್ನೇ ಎಬ್ಬಿಸಿದ್ದರು.

1952ರ ಜನವರಿಯಲ್ಲಿ ಭಾರತ ಮತ್ತು ಅಮೆರಿಕ ತಾಂತ್ರಿಕ ಸಹಕಾರ ಒಪ್ಪಂದಕ್ಕೆ ಸಹಿ ಹಾಕಿದವು. ಆ ಡಾಲರುಗಳ ಬಲವೂ ಸೇರಿ, ಅದೇ ವರ್ಷ ಗಾಂಧಿ ಜಯಂತಿಯ ದಿನ 55 ಕಡೆ ಸಮುದಾಯ ಅಭಿವೃದ್ಧಿ ಯೋಜನೆ ಉದ್ಘಾಟನೆಯಾಯಿತು. ದಿಲ್ಲಿಯಲ್ಲಿ ಅದರ ಆಡಳಿತಗಾರರಾಗಿ ಕೂತವರು ಡೇ. ಒಂದೊಂದು ಯೋಜನೆಗೆ ಸುಮಾರು ಮುನ್ನೂರು ಹಳ್ಳಿ. ಅದನ್ನು ಮೂರು ಪಾಲು ಮಾಡಿದಾಗ ಬಂದ ನೂರು ಹಳ್ಳಿಯ ತುಂಡಿಗೆ ‘ಬ್ಲಾಕ್’ ಎಂದು ಹೆಸರಿಟ್ಟರು. ಮರುವರ್ಷ ಅದೇ ದಿನ ರಾಷ್ಟ್ರೀಯ ವಿಸ್ತರಣಾ ಸೇವೆ ಬಂತು, ಬ್ಲಾಕುಗಳು ದೇಶದ ಉದ್ದಗಲಕ್ಕೂ ಹರಡಿದವು. ಬ್ಲಾಕಿಗೊಬ್ಬ ಡೆವಲಪ್‌ಮೆಂಟ್ ಆಫೀಸರ್. ಅಲ್ಲಿಗೆ ಮೂರಕ್ಷರ ಪೂರ್ತಿಯಾಯಿತು.

ಬಿಡಿಒ ಎಂದರೆ ಒಂದು ಜೀಪು, ಒಂದು ಚೆಕ್‌ಬುಕ್ಕು, ಒಂದು ತಂಡ. ತಂಡ ಕಾಗದದ ಮೇಲೆ ದೊಡ್ಡದೇ ಇತ್ತು. ಕೃಷಿ, ಪಶುಪಾಲನೆ, ಸಹಕಾರ, ಪಂಚಾಯಿತಿ, ಗ್ರಾಮೋದ್ಯೋಗ, ಸಮಾಜ ಶಿಕ್ಷಣ ಎಂದು ಒಂದೊಂದಕ್ಕೂ ವಿಸ್ತರಣಾಧಿಕಾರಿಗಳು, ಕಟ್ಟಡ ರಸ್ತೆಗೆ ಓವರ್‌ಸಿಯರ್, ಮಹಿಳೆಯರ ಕಾರ್ಯಕ್ರಮಕ್ಕೆ ಮುಖ್ಯಸೇವಿಕೆ, ಕೆಳಗೆ ಹತ್ತು ಗ್ರಾಮಸೇವಕರು, ಇಬ್ಬರು ಗ್ರಾಮಸೇವಿಕೆಯರು. ಇವರೆಲ್ಲರಿಗೆ ಬಿಡಿಒ ನಾಯಕ. ಆದರೆ ಕೃಷಿ ವಿಸ್ತರಣಾಧಿಕಾರಿಯ ತಾಂತ್ರಿಕ ಮೇಲಧಿಕಾರಿ ಜಿಲ್ಲಾ ಕೃಷಿ ಅಧಿಕಾರಿ, ಪಶುವೈದ್ಯನಿಗೆ ಅವನ ಇಲಾಖೆ, ಓವರ್‌ಸಿಯರ್‌ಗೆ ಅವನ ಎಂಜಿನಿಯರು. ಬಡ್ತಿ, ವರ್ಗಾವಣೆ ಎಲ್ಲ ಅಲ್ಲಿಂದ. ಬಿಡಿಒ ಕೈಯಲ್ಲಿ ಉಳಿದದ್ದು ಅವರ ಸಂಬಳದ ಬಿಲ್ಲು, ಪ್ರವಾಸ ಭತ್ಯೆ, ಕ್ಯಾಶುಯಲ್ ರಜೆ. ಅದನ್ನು ಆಡಳಿತದ ಭಾಷೆಯಲ್ಲಿ ‘ದ್ವಿಮುಖ ನಿಯಂತ್ರಣ’ ಎಂದು ಗಂಭೀರವಾಗಿ ಕರೆದರು. ಇಬ್ಬರು ಯಜಮಾನರ ಆಳು ಯಾರ ಮಾತನ್ನೂ ಕೇಳಬೇಕಿಲ್ಲ ಎಂಬುದು ಯಾವ ರೈತನಿಗೂ ಗೊತ್ತಿರುವ ಸಂಗತಿ.

ಹಣವೂ ಬಹಳ ಕಾಲ ನಿಲ್ಲಲಿಲ್ಲ. 1958ರ ಹೊತ್ತಿಗೆ ಆದ ಏರ್ಪಾಟಿನಂತೆ ಮೊದಲ ಐದು ವರ್ಷಕ್ಕೆ ಬ್ಲಾಕಿಗೆ 12 ಲಕ್ಷ ರೂಪಾಯಿ, ಮುಂದಿನ ಐದು ವರ್ಷಕ್ಕೆ 5 ಲಕ್ಷ. ಆಮೇಲೆ ಸಂಬಳ ಬಿಟ್ಟರೆ ಹೆಚ್ಚೇನೂ ಇಲ್ಲ. ಅರವತ್ತರ ದಶಕ ಮುಗಿಯುವಷ್ಟರಲ್ಲಿ ಎಷ್ಟೋ ಬ್ಲಾಕುಗಳಲ್ಲಿ ಸಿಬ್ಬಂದಿ ಇತ್ತು, ಕಾರ್ಯಕ್ರಮ ಇರಲಿಲ್ಲ. ಜೀಪು ಇತ್ತು, ಇಂಧನಕ್ಕೆ ದುಡ್ಡಿರಲಿಲ್ಲ. ಡೇ ಅವರೇ ಮಂತ್ರಿಯಾಗಿದ್ದ ಸಮುದಾಯ ಅಭಿವೃದ್ಧಿ ಸಚಿವಾಲಯವೂ 1966ರಲ್ಲಿ ಆಹಾರ ಮತ್ತು ಕೃಷಿಯ ಜೊತೆ ಸೇರಿಹೋಯಿತು.

ಇದಕ್ಕೆ ಮುಂಚೆಯೇ ಇನ್ನೊಂದು ಪ್ರಶ್ನೆ ಎದ್ದಿತ್ತು. ತಂಡ ಕೆಳಗಾಯಿತು, ಬಿಡಿಒ ಮೇಲೆ ಯಾರು? 1957ರಲ್ಲಿ ಬಲವಂತರಾಯ್ ಮೆಹ್ತಾ ಅವರ ಅಧ್ಯಯನ ತಂಡ ಊರೂರು ಸುತ್ತಿ, ಜನ ಇದನ್ನು ತಮ್ಮದೆಂದುಕೊಂಡಿಲ್ಲ, ಸರ್ಕಾರದ್ದು ಎಂದುಕೊಂಡಿದ್ದಾರೆ ಎಂದು ಹೇಳಿತು. ಜನರೇ ಆರಿಸಿದ ಸಮಿತಿ ಬ್ಲಾಕಿಗೆ ಯಜಮಾನನಾಗಲಿ, ಬಿಡಿಒ ಅದರ ಕಾರ್ಯನಿರ್ವಾಹಕನಾಗಲಿ ಎಂದಿತು. ನಮ್ಮಲ್ಲಿ 1959ರ ಮೈಸೂರು ಗ್ರಾಮ ಪಂಚಾಯಿತಿ ಮತ್ತು ಸ್ಥಳೀಯ ಮಂಡಳಿಗಳ ಕಾಯ್ದೆ ತಾಲ್ಲೂಕು ಅಭಿವೃದ್ಧಿ ಮಂಡಳಿಗಳನ್ನು ತಂದಿತು. ಬಿಡಿಒ ಮಂಡಳಿಯ ಮುಖ್ಯ ಅಧಿಕಾರಿಯಾದ. ಜಿಲ್ಲೆಯಲ್ಲಿ ಮಾತ್ರ ಚುನಾಯಿತ ಸಭೆ ಇಲ್ಲ. ಜಿಲ್ಲಾ ಅಭಿವೃದ್ಧಿ ಪರಿಷತ್ತಿಗೆ ಜಿಲ್ಲಾಧಿಕಾರಿಯೇ ಅಧ್ಯಕ್ಷ. ತಾಲ್ಲೂಕಿನಲ್ಲಿ ಜನ, ಜಿಲ್ಲೆಯಲ್ಲಿ ಡಿಸಿ. ಮೆಹ್ತಾ ತಂಡ ಹಾಕಿಕೊಟ್ಟ ಹಾದಿಯೂ ಇದೇ ಆಗಿತ್ತು.

ಬಿಡಿಒ ರುಜುವಿಗೆ ನಿಜವಾದ ತೂಕ ಬಂದದ್ದು ಎಂಬತ್ತರ ದಶಕದಲ್ಲಿ, ಎಮ್ಮೆಯ ಮೂಲಕ. 1978–79ರಲ್ಲಿ ಆಯ್ದ ಬ್ಲಾಕುಗಳಲ್ಲಿ ಶುರುವಾದ ಸಮಗ್ರ ಗ್ರಾಮೀಣಾಭಿವೃದ್ಧಿ ಕಾರ್ಯಕ್ರಮ 1980ರ ಅಕ್ಟೋಬರ್ 2ರಿಂದ ಎಲ್ಲ ಬ್ಲಾಕುಗಳಿಗೂ ಬಂತು. ಊರಲ್ಲಿ ಎಲ್ಲರೂ ಕರೆದದ್ದು ಐಆರ್‌ಡಿಪಿ ಎಂದೇ. ಬ್ಲಾಕಿಗೆ ವರ್ಷಕ್ಕೆ ಸುಮಾರು 600 ಕುಟುಂಬದ ಗುರಿ. ಸಣ್ಣ ರೈತನಿಗೆ ನಾಲ್ಕನೇ ಒಂದು ಪಾಲು ಸಬ್ಸಿಡಿ, ಅತಿಸಣ್ಣ ರೈತನಿಗೂ ಕೂಲಿಗೂ ಮೂರನೇ ಒಂದು, ಉಳಿದದ್ದು ಬ್ಯಾಂಕ್ ಸಾಲ.

ಹಾದಿ ಹೀಗಿತ್ತು. ಗ್ರಾಮಸೇವಕ ಮನೆ ಎಣಿಸಿ ಪಟ್ಟಿ ಮಾಡುತ್ತಾನೆ. ಪಟ್ಟಿ ಗ್ರಾಮಸಭೆಯಲ್ಲಿ ಒಪ್ಪಿಗೆಯಾಗಬೇಕು, ಎಷ್ಟೋ ಕಡೆ ಆ ಸಭೆ ನಡೆಯುತ್ತಿದ್ದುದು ಹಾಜರಿ ಪುಸ್ತಕದಲ್ಲಿ. ಅರ್ಜಿ ಬಿಡಿಒ ಮೇಜಿಗೆ ಹೋಗಿ, ರುಜು ಬಿದ್ದು ಬ್ಯಾಂಕಿಗೆ ಹೋಗುತ್ತದೆ. ಮ್ಯಾನೇಜರ್ ಮನಸ್ಸು ಮಾಡಿದರೆ ದನದ ಸಂತೆಯ ದಿನ ಖರೀದಿ ಸಮಿತಿ ಹೊರಡುತ್ತದೆ. ಪಶುವೈದ್ಯರು ಹಲ್ಲು ನೋಡಿ ವಯಸ್ಸು ಹೇಳುತ್ತಾರೆ, ಬೆಲೆ ಕುದುರುತ್ತದೆ, ಎಮ್ಮೆಯ ಕಿವಿಗೆ ವಿಮೆಯ ಬಿಲ್ಲೆ ಚುಚ್ಚುತ್ತಾರೆ. ಎಲ್ಲ ಜೀವ ಆ ಬಿಲ್ಲೆಯಲ್ಲೇ. ಎಮ್ಮೆ ಸತ್ತರೆ ಬಿಲ್ಲೆಯ ಸಮೇತ ಕಿವಿ ತಂದು ತೋರಿಸಬೇಕು. ಬಿಲ್ಲೆ ಇಲ್ಲದೆ ವಿಮೆ ಇಲ್ಲ, ವಿಮೆ ಬರದಿದ್ದರೆ ಸತ್ತ ಎಮ್ಮೆಯ ಸಾಲ ಮಾತ್ರ ಬದುಕಿರುತ್ತದೆ. ಸಂತೆಯಲ್ಲಿ ಒಂದೇ ಎಮ್ಮೆ ನಾಲ್ಕು ಮನೆಯ ಲೆಕ್ಕಕ್ಕೆ ನಡೆದುಹೋದ ಕಥೆಗಳು ಪ್ರತಿ ತಾಲ್ಲೂಕಿನಲ್ಲೂ ಇವೆ. ಕಿವಿಯ ಬಿಲ್ಲೆ ಬದಲಾಗುತ್ತಿತ್ತು, ಎಮ್ಮೆ ಅದೇ.

ಹಾಗೆಂದು ಅದೆಲ್ಲ ಮೋಸ ಎಂದು ತಳ್ಳಿಹಾಕುವುದು ಅನ್ಯಾಯ. ಇದೇ ಕಾರ್ಯಕ್ರಮದಲ್ಲಿ ಸಿಕ್ಕ ಹೊಲಿಗೆ ಯಂತ್ರದಲ್ಲಿ ದುಡಿದು ಮಕ್ಕಳನ್ನು ಓದಿಸಿದ ತಾಯಂದಿರು ಇದ್ದಾರೆ. ನನ್ನ ತಕರಾರು ಬೇರೆ. ಕುಟುಂಬದ ಆಯ್ಕೆ ಗ್ರಾಮಸೇವಕನದು, ಸಾಲ ಬ್ಯಾಂಕಿನದು, ಸಬ್ಸಿಡಿ ಜಿಲ್ಲಾ ಗ್ರಾಮೀಣಾಭಿವೃದ್ಧಿ ಸಂಸ್ಥೆಯದು, ಎಮ್ಮೆಗೆ ಮೇವಿಲ್ಲದ್ದು ಯಾರದ್ದೂ ಅಲ್ಲ. ನಡುವೆ ಬಿಡಿಒ ಕೈಯಲ್ಲಿದ್ದದ್ದು ತಡೆಯುವ ಶಕ್ತಿ. ಕೊಡಿಸುವ ಶಕ್ತಿ ಅಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಈ ಕಾಲದಲ್ಲಿ ಬಿಡಿಒ ಕಚೇರಿಯ ಜಗಲಿಯಲ್ಲಿ ಕೂತವರಿಗೆ ಚೆನ್ನಾಗಿ ಅರ್ಥವಾಯಿತು.

ಕರ್ನಾಟಕ ಇದನ್ನು ತಿದ್ದಲು ಹೊರಟದ್ದು ಅಂದಿನ ಪಂಚಾಯತ್‌ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಕೈಯಿಂದ. ಕೊಳವೆಬಾವಿಗಳಿಂದ ‘ನೀರ್‌ಸಾಬ್’ ಎಂದು ಹೆಸರಾದವರು. 1983ರ ಅವರ ಕಾಯ್ದೆಯಡಿ 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ ಚುನಾವಣೆ ನಡೆಯಿತು. ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ. ಅವರ ಕೈಕೆಳಗಿನ ಮುಖ್ಯ ಕಾರ್ಯದರ್ಶಿ ಜಿಲ್ಲಾಧಿಕಾರಿಗಿಂತ ಹಿರಿಯ ಐಎಎಸ್ ಅಧಿಕಾರಿ. ನೂರು ವರ್ಷಕ್ಕೂ ಹೆಚ್ಚು ಕಾಲ ಜಿಲ್ಲೆಯ ದೊರೆಯಾಗಿದ್ದ ಡಿಸಿ ಅಭಿವೃದ್ಧಿಯ ಮೇಜಿನಲ್ಲಿ ಮೊದಲ ಬಾರಿ ಎರಡನೆಯವನಾದ. ಇಲಾಖೆಗಳು ಒಳಗೊಳಗೆ ಗೊಣಗಿದವು. ರಾಜ್ಯದ ಮುಖ್ಯ ಕಾರ್ಯದರ್ಶಿಯಾಗಿದ್ದ ಜಿ.ವಿ.ಕೆ. ರಾವ್ ಅವರ ನೇತೃತ್ವದ ಕೇಂದ್ರ ಸಮಿತಿಯೂ 1985ರಲ್ಲಿ ಜಿಲ್ಲೆಗೆ ಪ್ರತ್ಯೇಕ ಅಭಿವೃದ್ಧಿ ಆಯುಕ್ತರು ಬೇಕೆಂದಿತ್ತು. ಆದರೆ ಈ ಏರ್ಪಾಟಿನಲ್ಲಿ ಕೆಳಗೆ ಹಳ್ಳಿಗಳ ಗುಂಪಿನ ಮಂಡಲ ಪಂಚಾಯಿತಿಗೂ ಮೇಲೆ ಜಿಲ್ಲೆಗೂ ಬಲ ಬಂದು, ನಡುವಿನ ತಾಲ್ಲೂಕು ಬಡವಾಯಿತು. ಮಗಳ ಮದುವೆಯಲ್ಲಿ ಬಂದವರನ್ನು ಉಪಚರಿಸುವ ದೊಡ್ಡಪ್ಪನ ಸ್ಥಿತಿ ಬಿಡಿಒಗೆ. ಓಡಾಟವೆಲ್ಲ ಅವನದು, ಮಾತು ಯಾರೂ ಕೇಳುವುದಿಲ್ಲ.

1993ರ ಮೇ 10ರಂದು ಈಗಿನ ಪಂಚಾಯಿತಿ ಕಾಯ್ದೆ ಜಾರಿಯಾಯಿತು. ಜಿಲ್ಲೆಗೆ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ (ಸಿಇಒ), ತಾಲ್ಲೂಕಿಗೆ ಕಾರ್ಯನಿರ್ವಾಹಕ ಅಧಿಕಾರಿ (ಇಒ). ಬಿಡಿಒ ಎಂಬ ಫಲಕ ಇಳಿಯಿತು. ಹಾಗೆ ನೋಡಿದರೆ ಆತನ ಹೆಸರು ಪೂರ್ತಿ ಸತ್ತಿಲ್ಲ. 2005ರ ಉದ್ಯೋಗ ಖಾತರಿ ಕಾಯ್ದೆ, ಬ್ಲಾಕಿನ ಕಾರ್ಯಕ್ರಮ ಅಧಿಕಾರಿ ‘ಬಿಡಿಒ ದರ್ಜೆಗಿಂತ ಕಡಿಮೆಯವರಾಗಿರಬಾರದು’ ಎಂದಿತು. ನಮ್ಮಲ್ಲಿ ಇಲ್ಲವಾಗಿದ್ದ ಹುದ್ದೆ ದಿಲ್ಲಿಯ ಕಾಯ್ದೆಯಲ್ಲಿ ಅಳತೆಗೋಲಾಗಿ ಉಳಿದಿತ್ತು. ಕೆಲಸ ಕೇಳಿದ 15 ದಿನದೊಳಗೆ ಕೊಡದಿದ್ದರೆ ನಿರುದ್ಯೋಗ ಭತ್ಯೆ ಎಂಬ ಷರತ್ತು ಬಂದು, ಅರ್ಜಿ ಹಿಡಿದು ನಿಂತವನಿಗೆ ಅಧಿಕಾರಿಯನ್ನು ಕೇಳುವ ಹಕ್ಕು ಸಿಕ್ಕಿತು. ತಕಾವಿಯ ಕಾಲದಿಂದ ಬಂದ ದಾರಿಯಲ್ಲಿ ಇದು ಸಣ್ಣ ತಿರುವಲ್ಲ.

ರುಜುವೂ ರೂಪ ಬದಲಿಸಿತು. ನೀಲಿ ಶಾಯಿಯ ಬದಲು ಬೆರಳುದ್ದದ ಡೋಂಗಲ್. ಕಂಪ್ಯೂಟರಿಗೆ ಚುಚ್ಚಿ ಪಾಸ್‌ವರ್ಡ್ ಒತ್ತಿದರೆ ಕೂಲಿ ಹಣ ನೇರ ಖಾತೆಗೆ. ಒಬ್ಬರ ಸಹಿ ಸಾಲದು, ಇಬ್ಬರದು ಬೇಕು. ಸಾಹೇಬರ ಡೋಂಗಲ್ ಎಷ್ಟೋ ಕಡೆ ಆಪರೇಟರ್ ಹುಡುಗನ ಡ್ರಾಯರಿನಲ್ಲೇ ಇರುತ್ತದೆ ಎಂಬುದನ್ನು ಕಚೇರಿಗೆ ಅಲೆದವರೆಲ್ಲ ಬಲ್ಲರು. ‘ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ’ ಎಂಬ ಹಳೇ ಉತ್ತರದ ಜೊತೆಗೆ ‘ಸರ್ವರ್ ಡೌನ್’ ಎಂಬ ಹೊಸದೂ ಸೇರಿದೆ.

ಕೆಳಗಿನ ತಂಡ ಈಗಲೂ ಇಲಾಖೆಗಳದೇ. ಮೇಲಿನ ಯಜಮಾನನ ಕಥೆ ಇನ್ನೂ ವಿಚಿತ್ರ. ಕರ್ನಾಟಕದಲ್ಲಿ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಿಗೆ 2016ರ ಫೆಬ್ರುವರಿಯಲ್ಲಿ ಚುನಾವಣೆ ನಡೆಯಿತು. 2021ರಲ್ಲಿ ಸದಸ್ಯರ ಅವಧಿ ಮುಗಿಯಿತು. ಅದಾಗಿ ನಾಲ್ಕು ವರ್ಷ ದಾಟಿದರೂ ಚುನಾವಣೆ ನಡೆಯಲಿಲ್ಲ. ಸಭೆಯ ಜಾಗದಲ್ಲಿ ಸರ್ಕಾರ ನೇಮಿಸಿದ ಆಡಳಿತಾಧಿಕಾರಿ ಕೂತರು. ಒಬ್ಬ ಅಧಿಕಾರಿ ಬರೆದ ಟಿಪ್ಪಣಿಗೆ ಇನ್ನೊಬ್ಬ ಅಧಿಕಾರಿ ರುಜು ಹಾಕಿದರೆ, ಅದೇ ತಾಲ್ಲೂಕು ಪಂಚಾಯಿತಿಯ ನಿರ್ಣಯ.