ಮರೆಯಾದ ಚಿತ್ರದ ಮೇಲೂ ಗಮನ: ದೃಶ್ಯ ಕಾರ್ಯಸ್ಮೃತಿ ಮತ್ತು ನಮ್ಮ ಕಪ್ಪುಹಲಗೆ

ಹತ್ತನೆಯ ತರಗತಿಯ ‘ಜೀವಕ್ರಿಯೆಗಳು’ ಪಾಠದಲ್ಲಿ ಹೃದಯದ ಚಿತ್ರವಿದೆ. ನಾಲ್ಕು ಕೋಣೆಗಳು, ಕವಾಟಗಳು, ರಕ್ತನಾಳಗಳು, ಬಾಣದ ಗುರುತುಗಳು. ಹಲಗೆಯಿಂದ ನೋಟ್‌ಬುಕ್ಕಿಗೆ ಕಣ್ಣು ತಿರುಗಿಸುವಾಗ ವಿದ್ಯಾರ್ಥಿ ಕಂಡದ್ದನ್ನು ಕೆಲವು ಕ್ಷಣ ಮನಸ್ಸಿನಲ್ಲಿ ಹಿಡಿದಿಡಬೇಕು. ಈ ಕೆಲಸ ದೃಶ್ಯ ಕಾರ್ಯಸ್ಮೃತಿಯದು. 1974ರಲ್ಲಿ ಬ್ಯಾಡ್ಲಿ ಮತ್ತು ಹಿಚ್ ಮಂಡಿಸಿದ ಮಾದರಿಯಲ್ಲಿ ಕಂಡದ್ದಕ್ಕೆ ಒಂದು, ಕೇಳಿದ್ದಕ್ಕೆ ಇನ್ನೊಂದು ಎಂದು ಪ್ರತ್ಯೇಕ ವ್ಯವಸ್ಥೆಗಳಿವೆ.

ಈ ಸ್ಮೃತಿಯ ಜಾಗ ಬಹಳ ಕಿರಿದು. 1997ರಲ್ಲಿ ಲಕ್ ಮತ್ತು ವೋಗೆಲ್ ಬಣ್ಣದ ಚೌಕಗಳನ್ನು ಕ್ಷಣಕಾಲ ತೋರಿಸಿ ಮರೆಮಾಡಿದರು; ಮತ್ತೆ ತೋರಿಸಿ, ಬದಲಾವಣೆ ಆಗಿದೆಯೇ ಎಂದು ಕೇಳಿದರು. ಮೂರು ಚೌಕಗಳವರೆಗೆ ಉತ್ತರ ಬಹುತೇಕ ಸರಿಯಾಗಿತ್ತು. ನಾಲ್ಕರಿಂದ ಮುಂದೆ ತಪ್ಪುಗಳು ಹೆಚ್ಚುತ್ತಾ ಹೋದವು. ಇವರು ಪ್ರಾಯದವರು ಎಂಬುದನ್ನು ನೆನಪಿಡಬೇಕು.

ಜಾಗ ಕಡಿಮೆಯಾದಾಗ ಒಳಗೆ ಯಾವುದನ್ನು ಬಿಡಬೇಕು ಎಂಬುದು ಮುಖ್ಯವಾಗುತ್ತದೆ. ಅದನ್ನು ನಿರ್ಧರಿಸುವುದು ಅವಧಾನ. ವೋಗೆಲ್ ಮತ್ತು ಸಂಗಡಿಗರು 2005ರಲ್ಲಿ ನೆತ್ತಿಯ ಮೇಲಿನ ವಿದ್ಯುತ್ ಸಂಕೇತಗಳನ್ನು ಅಳೆದು ಒಂದು ಸಂಗತಿ ಕಂಡುಕೊಂಡರು: ಕಡಿಮೆ ಸಾಮರ್ಥ್ಯ ತೋರಿದವರು ಬೇಡವಾದ ವಸ್ತುಗಳನ್ನೂ ಸ್ಮೃತಿಯೊಳಗೆ ತುಂಬಿಕೊಳ್ಳುತ್ತಿದ್ದರು. ಅಂದರೆ ‘ನೆನಪಿಲ್ಲ’ ಎನ್ನುವ ಮಗು ಏನನ್ನೂ ನೋಡಿಲ್ಲ ಎಂದೇ ಅರ್ಥವಲ್ಲ, ಬೇಡದ್ದನ್ನೂ ನೋಡಿರಬಹುದು.

ಇನ್ನೂ ಕುತೂಹಲದ ವಿಷಯವೊಂದಿದೆ. ಚಿತ್ರ ಕಣ್ಣೆದುರು ಇರುವಾಗ ಮಾತ್ರ ಗಮನ ಸೆಳೆಯಬಹುದು ಎಂದು ನಾವು ಭಾವಿಸುತ್ತೇವೆ. 2003ರಲ್ಲಿ ಗ್ರಿಫಿನ್ ಮತ್ತು ನೋಬ್ರೆ, ಚಿತ್ರ ಮರೆಯಾಗಿ ಒಂದು ಸೆಕೆಂಡಿಗೂ ಹೆಚ್ಚು ಕಾಲ ಕಳೆದ ಮೇಲೆ ‘ಈ ಸ್ಥಾನ’ ಎಂದು ಬಾಣದಿಂದ ಸೂಚಿಸಿದರು. ಆಗಲೂ ಆ ಸ್ಥಾನದಲ್ಲಿದ್ದ ವಸ್ತುವಿನ ಬಗ್ಗೆ ಉತ್ತರ ಬೇಗ ಬಂತು, ಹೆಚ್ಚು ನಿಖರವಾಗಿಯೂ ಬಂತು. ಹೊರಗೆ ನೋಡಲು ಏನೂ ಇಲ್ಲದಿದ್ದರೂ ಮಿದುಳು ಒಳಗಿನ ಚಿತ್ರದ ಒಂದು ಭಾಗದತ್ತ ತಿರುಗಬಲ್ಲದು. ಇದರಲ್ಲಿ ಮುಂಮಿದುಳಿನ ಹೊರಪದರದ ಮುಂಭಾಗ ಮತ್ತು ನೆತ್ತಿಭಾಗ ಪಾಲ್ಗೊಳ್ಳುತ್ತವೆ. ಬಣ್ಣ, ದಿಕ್ಕು ಮುಂತಾದ ವಿವರಗಳ ಕುರುಹು ಹಿಂಭಾಗದ ದೃಷ್ಟಿ ಪ್ರದೇಶಗಳಲ್ಲೂ ಉಳಿದಿರುತ್ತದೆ.

ಪ್ರಯೋಗಾಲಯದ ಕೆಲವು ಸೆಕೆಂಡುಗಳ ಫಲಿತಾಂಶ ನಲವತ್ತು ನಿಮಿಷದ ಅವಧಿಗೆ ಹಾಗೆಯೇ ಅನ್ವಯಿಸದು. ಆದರೂ ಪಾಠಯೋಜನೆಯಲ್ಲಿ ಮೂರು ಬದಲಾವಣೆಗಳನ್ನು ಪ್ರಯತ್ನಿಸಬಹುದು.

ಮೊದಲನೆಯದು, ಸಿದ್ಧ ಚಾರ್ಟನ್ನು ಒಮ್ಮೆಗೇ ತೂಗುಹಾಕುವ ಬದಲು ಹೃದಯವನ್ನು ಹಲಗೆಯ ಮೇಲೆ ಹಂತಹಂತವಾಗಿ ಬರೆಯುವುದು: ಮೊದಲು ಬಲಭಾಗದ ಎರಡು ಕೋಣೆ, ಆಮೇಲೆ ಎಡಭಾಗ, ಕೊನೆಗೆ ರಕ್ತನಾಳ.

ಎರಡನೆಯದು, ಆ ಹೊತ್ತಿಗೆ ಬೇಡದ ಹೆಸರು, ಅಲಂಕಾರದ ಬಣ್ಣ, ಹಿಂದಿನ ಅವಧಿಯ ಬರಹ ಇವನ್ನು ಅಳಿಸಿಬಿಡುವುದು.

ಮೂರನೆಯದು, ಚಿತ್ರವನ್ನು ಮುಚ್ಚಿ, “ಎಡ ಹೃತ್ಕುಕ್ಷಿಯನ್ನು ಮಾತ್ರ ಮನಸ್ಸಿನಲ್ಲಿ ನೋಡಿ. ಅದರ ಗೋಡೆ ದಪ್ಪವೋ ತೆಳುವೋ?” ಎಂದು ಕೇಳಿ, ಉತ್ತರಕ್ಕೆ ಮುನ್ನ ತುಸು ಬಿಡುವು ಕೊಡುವುದು.

ಅಭ್ಯಾಸ ಬೋಧನೆಯ ವೀಕ್ಷಣಾ ಹಾಳೆಯಲ್ಲಿ ನಾವು ‘ವಿದ್ಯಾರ್ಥಿಗಳ ಗಮನ’ ಎಂದು ಬರೆಯುವುದು ಸಾಮಾನ್ಯವಾಗಿ ಕಣ್ಣು ಹಲಗೆಯತ್ತ ಇದೆಯೇ ಎಂಬುದನ್ನು ನೋಡಿ. ಮತ್ತೆ ಮತ್ತೆ ತಲೆಯೆತ್ತಿ ನೋಡಿ ನಕಲು ಮಾಡುವ ಮಗುವನ್ನು ‘ಗಮನವಿಲ್ಲ’ ಎಂದು ಗುರುತಿಸುವ ಮುನ್ನ, ನಾವು ಒಂದೇ ಸಲಕ್ಕೆ ಹಲಗೆಯ ಮೇಲೆ ಎಷ್ಟು ಸಂಗತಿಗಳನ್ನು ಇಟ್ಟಿದ್ದೆವು ಎಂದು ಎಣಿಸಿ ನೋಡುವುದು ಒಳ್ಳೆಯದು.