ಆಳುಗಳ ಮನಸ್ಸನ್ನು ಅಳೆಯುವ ಬಗೆ

ಕೊಯ್ಲಿನ ಕಾಲ ಹತ್ತಿರ ಬಂತೆಂದರೆ ನಮ್ಮ ಸಂಘದ ಜಗಲಿಯಲ್ಲಿ ಕೇಳಿಬರುವ ಮಾತು ಒಂದೇ: “ಆಳು ನಿಲ್ಲುವುದಿಲ್ಲ.” ಕಾರಣ ಕೇಳಿದರೆ ಒಬ್ಬರು ಕೂಲಿ ಸಾಲದೆನ್ನುತ್ತಾರೆ, ಇನ್ನೊಬ್ಬರು ಸೋಮಾರಿತನವೆನ್ನುತ್ತಾರೆ, ಮತ್ತೊಬ್ಬರು ಮೇಸ್ತ್ರಿಯ ಬಾಯಿ ಎನ್ನುತ್ತಾರೆ. ಮೂರೂ ನಿಜವಿರಬಹುದು. ಯಾವುದು ಎಷ್ಟು ನಿಜವೆಂದು ಅಳೆದು ನೋಡಿದವರು ವಿರಳ. ಮಣ್ಣು ಪರೀಕ್ಷೆ ಮಾಡಿಸದೆ ಸುಣ್ಣ ಹಾಕಬಾರದೆಂದು ಬಲ್ಲ ನಾವು, ಆಳುಗಳ ವಿಷಯದಲ್ಲಿ ಮಾತ್ರ ಬರೀ ಊಹೆಯ ಮೇಲೆ ತೋಟ ನಡೆಸುತ್ತಿದ್ದೇವೆ.

ದುಡಿಯುವ ಜಾಗದಲ್ಲಿ ಮನುಷ್ಯನ ಮನಸ್ಸು ಹೇಗೆ ನಡೆಯುತ್ತದೆಂಬುದನ್ನು ಅಳೆದು ತಿಳಿಯುವ ಶಾಸ್ತ್ರವಿದೆ. ಮನಸ್ಸನ್ನು ಅಳೆಯುವ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲೇ ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು. ಅದರ ಮೊದಲ ಮುಖ್ಯಸ್ಥರಾದ ಎಂ. ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಕಲಿತವರು. ಅಳತೆಗೋಲಿನಲ್ಲೇ ದೋಷವಿದ್ದರೆ ಎರಡು ಸಂಗತಿಗಳ ನಡುವಿನ ನಿಜವಾದ ಸಂಬಂಧ ಮಸುಕಾಗಿ ಕಾಣುತ್ತದೆಂದು ಸ್ಪಿಯರ್‌ಮನ್ 1904ರಲ್ಲೇ ಗಣಿತದಿಂದ ತೋರಿಸಿದ್ದರು.

ಇದು ನಮಗೆ ತಿಳಿಯದ ಮಾತಲ್ಲ. ಒಂದೇ ಚೀಲದ ಪಾರ್ಚ್‌ಮೆಂಟಿಗೆ ತೇವಾಂಶ ಮಾಪಕ ಒಮ್ಮೆ 10, ಒಮ್ಮೆ 13 ತೋರಿಸಿದರೆ ಅದನ್ನು ನಂಬಿ ಯಾರೂ ಮಾಲು ಕಟ್ಟುವುದಿಲ್ಲ. ಮಾಪಕ ಸರಿಯಿದ್ದರೂ ಅಳೆಯುವ ವಸ್ತು ಬೇರೆಯಾಗಿರಬಹುದು. ಹಾಜರಿ ಪುಸ್ತಕವನ್ನೇ ನೋಡಿ. ದಿನವೂ ತಪ್ಪದೆ ಬರುವವನು ನೆಮ್ಮದಿಯಿಂದಿದ್ದಾನೆ ಎಂದು ನಾವು ತಿಳಿಯುತ್ತೇವೆ. ಮುಂಗಡದ ಸಾಲ ತೀರದೆ ಎಲ್ಲಿಗೂ ಹೋಗಲಾರದವನೂ ದಿನವೂ ಬರುತ್ತಾನೆ! ಪುಸ್ತಕ ಅಳೆದದ್ದು ಕಾಲನ್ನು, ಮನಸ್ಸನ್ನಲ್ಲ.

ಸರಿಯಾಗಿ ಅಳೆದರೆ ಏನು ತಿಳಿಯುತ್ತದೆಂಬುದಕ್ಕೆ ಬೆಂಗಳೂರು ಕಡೆಯ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಒಳ್ಳೆಯ ನಿದರ್ಶನಗಳಿವೆ. ಅಲ್ಲಿ ವಿದ್ಯುತ್ ಉಳಿತಾಯಕ್ಕೆಂದು ಹಳೆಯ ದೀಪ ತೆಗೆದು ಎಲ್.ಇ.ಡಿ. ದೀಪ ಹಾಕಿದರು. ಎಲ್ಲ ಕಾರ್ಖಾನೆಗಳಲ್ಲೂ ಒಂದೇ ಸಲ ಹಾಕಲಿಲ್ಲ. ಅಚ್ಯುತ ಅಧ್ವರ್ಯು, ನಮ್ರತಾ ಕಲಾ, ಅನಂತ್ ನೈಷಧಂ ಎಂಬ ಸಂಶೋಧಕರು ದಿನದಿನದ ಕೆಲಸದ ಲೆಕ್ಕವನ್ನೂ ಅಂದಂದಿನ ಸೆಕೆಯನ್ನೂ ಜೊತೆಗಿಟ್ಟು ನೋಡಿ, ಫಲಿತಾಂಶವನ್ನು 2020ರಲ್ಲಿ ಪ್ರಕಟಿಸಿದರು. ಸೆಕೆ ಏರಿದಾಗ ಕೆಲಸ ಇಳಿಯುತ್ತಿತ್ತು. ಕಡಿಮೆ ಕಾವಿನ ದೀಪ ಬಂದ ಮೇಲೆ ಆ ಇಳಿತ ಬಹಳಮಟ್ಟಿಗೆ ತಗ್ಗಿತು. ಸೋಮಾರಿತನದಂತೆ ಕಂಡದ್ದು ಸೆಕೆಯ ಬಾಧೆಯಾಗಿತ್ತು.

ಎರಡನೆಯದು ನಮಗೆ ಇನ್ನೂ ಹತ್ತಿರದ್ದು. 2016ರಲ್ಲಿ ಶಾಹಿ ಎಕ್ಸ್‌ಪೋರ್ಟ್ಸ್ ಸಂಸ್ಥೆಯ ಕಾರ್ಖಾನೆಗಳಲ್ಲಿ ಕೂಲಿ ಏರಿಕೆಯಾಯಿತು. ಆದರೆ ನೌಕರರು ನಿರೀಕ್ಷಿಸಿದಷ್ಟಾಗಲಿಲ್ಲ. ಆಗ ಚೀಟಿ ಎತ್ತಿದಂತೆ ಕೆಲವರನ್ನು ಆರಿಸಿ, ಹೆಸರು ಹೊರಗೆ ಬಾರದಂತೆ, ಕೆಲಸ ಹೇಗಿದೆ, ಮೇಲ್ವಿಚಾರಕರು ಹೇಗೆ ನಡೆಸಿಕೊಳ್ಳುತ್ತಾರೆ ಎಂದು ಕೇಳಿದರು. ಉಳಿದವರನ್ನು ಕೇಳಲಿಲ್ಲ. ಮುಂದಿನ ತಿಂಗಳುಗಳಲ್ಲಿ, ಕೇಳಿಸಿಕೊಂಡವರಲ್ಲಿ ಕೆಲಸ ಬಿಟ್ಟವರ ಪ್ರಮಾಣ ಉಳಿದವರಿಗಿಂತ ಸುಮಾರು ಐದರಲ್ಲೊಂದು ಪಾಲು ಕಡಿಮೆಯಿತ್ತು. ಚೀಟಿ ಎತ್ತಿ ಆರಿಸಿದ್ದರಿಂದಲೇ ಈ ಮಾತನ್ನು ನಂಬಬಹುದು. ಮೇಸ್ತ್ರಿಗೆ ಬೇಕಾದವರನ್ನು ಮಾತ್ರ ಕೇಳಿದ್ದರೆ, ಅವರು ಮೊದಲೇ ಬಿಡುವವರಲ್ಲ ಎಂಬ ಸಂಶಯ ಉಳಿಯುತ್ತಿತ್ತು.

ಬೆಂಗಳೂರಿನ ಲೆಕ್ಕ ನಮ್ಮ ತೋಟಕ್ಕೆ ಹಾಗೆಯೇ ಹೊಂದುತ್ತದೆಂದು ಹೇಳಲಾಗದು. ಕಳಸದ ಮಳೆಯ ಲೆಕ್ಕ ಹಿಡಿದು ಚಿಕ್ಕಮಗಳೂರಿನ ಮೂಡಲ ಸೀಮೆಯಲ್ಲಿ ಔಷಧಿ ಹೊಡೆದರೆ ಹೇಗೆ? ಆದರೆ ವಿಧಾನ ನಮಗೂ ಒದಗುತ್ತದೆ. ಅದಕ್ಕೆ ನಾಲ್ಕು ಎಚ್ಚರಗಳು ಬೇಕು.

ಮೊದಲನೆಯದು, ಕೇಳುವವರು ಯಾರು ಎಂಬುದು. ಯಜಮಾನರಾಗಲಿ, ರೈಟರಾಗಲಿ, ಮೇಸ್ತ್ರಿಯಾಗಲಿ ಕೇಳಿದರೆ “ಎಲ್ಲ ಚೆನ್ನಾಗಿದೆ ಅಯ್ಯಾ” ಎಂಬ ಉತ್ತರವೇ ಗತಿ. ಹೊರಗಿನವರು, ಆಳುಗಳ ಮಾತಿನಲ್ಲೇ ಕೇಳಬೇಕು. ಈಗ ಅಸ್ಸಾಮಿನಿಂದಲೂ ಆಳು ಬರುತ್ತಿರುವುದರಿಂದ ಕನ್ನಡ, ತುಳು, ತಮಿಳು ಮಾತ್ರ ಸಾಲದು.

ಎರಡನೆಯದು, ಪ್ರಶ್ನೆ. “ಸುಖವಾಗಿದ್ದೀರಾ?” ಎಂದರೆ ಏನೂ ಸಿಗದು. “ಹೋದ ವಾರ ಬಟವಾಡೆ ಹೇಳಿದ ದಿನವೇ ಆಯಿತೇ? ಹಣ್ಣು ತೂಗುವಾಗ ತಕ್ಕಡಿಯ ಅಂಕಿ ನಿಮಗೆ ಕಂಡಿತೇ?” ಎಂದು ಕೇಳಬೇಕು. “ಕೂಲಿ, ಮನೆ ಎರಡೂ ಸರಿಯಿವೆಯೇ?” ಎಂದು ಜೋಡಿಸಿ ಕೇಳಿದರೆ ಉತ್ತರ ಯಾವುದಕ್ಕೆಂದು ತಿಳಿಯದು.

ಮೂರನೆಯದು, ಯಾರನ್ನು ಕೇಳಬೇಕು ಎಂಬುದು. ಮಣ್ಣಿನ ಮಾದರಿಯನ್ನು ಗೊಬ್ಬರದ ಗುಂಡಿಯ ಪಕ್ಕದಿಂದ ತೆಗೆಯುವುದಿಲ್ಲ. ತೋಟದುದ್ದಕ್ಕೂ ಹತ್ತಾರು ಕಡೆ ತೆಗೆಯುತ್ತೇವೆ. ಇದೂ ಹಾಗೆಯೇ. ಬಿಟ್ಟುಹೋದವರನ್ನೂ ಹುಡುಕಿ ಕೇಳಬೇಕು. ಉಳಿದವರನ್ನಷ್ಟೇ ಕೇಳುವುದೆಂದರೆ, ಗಿಡದ ಮೇಲಿನ ಹಣ್ಣು ಎಣಿಸಿ ಉದುರಿದ್ದನ್ನು ಬಿಟ್ಟಂತೆ.

ನಾಲ್ಕನೆಯದು, ಗುಟ್ಟು. ಆರು ಆಳುಗಳ ತೋಟದಲ್ಲಿ ಯಾರು ಏನೆಂದರೆಂಬುದು ಸಂಜೆಯೊಳಗೆ ಬಯಲು. ಆದ್ದರಿಂದ ಇಪ್ಪತ್ತು ಸಣ್ಣ ತೋಟಗಳು ಸೇರಿ, ಸಂಘದ ಮೂಲಕವೇ ಇದನ್ನು ಮಾಡಬೇಕು. ಓದು ಬಾರದವರಿಗೆ ಬಾಯಿ ಕಟ್ಟಿದ ಮಡಕೆಯಿಡಬಹುದು: ಹೌದೆಂದರೆ ಕಾಫಿ ಬೀಜ, ಇಲ್ಲವೆಂದರೆ ಅಡಿಕೆ. ಬಿದ್ದ ಸದ್ದಿನಿಂದ ಗುಟ್ಟು ಒಡೆಯದಂತೆ ತಳಕ್ಕೆ ಗೋಣಿ ಹಾಸಿರಬೇಕು.

ತಿಳಿದುಬಂದದ್ದನ್ನು ತಿದ್ದುವಾಗಲೂ ಅಳತೆ ಬೇಕು. ತಕ್ಕಡಿಯ ದೂರೇ ದೊಡ್ಡದೆಂದು ಕಂಡರೆ, ಚೀಟಿ ಎತ್ತಿ ಹತ್ತು ತೋಟಗಳಲ್ಲಿ ಈ ವರ್ಷ ಎಲ್ಲರೆದುರು ತೂಗುವ ಕ್ರಮ ತರೋಣ. ಉಳಿದ ಹತ್ತರಲ್ಲಿ ಮುಂದಿನ ವರ್ಷ. ಎಲ್ಲೆಡೆ ಒಮ್ಮೆಲೇ ತಂದರೆ, ಆಳು ನಿಂತದ್ದು ತಕ್ಕಡಿಯಿಂದಲೋ, ಹೊರಗೆ ಕೆಲಸವಿಲ್ಲದ್ದರಿಂದಲೋ ಹೇಳಲಾಗದು.

ಒಂದು ಮಾತು ಮರೆಯಬಾರದು. ಕೇಳುವುದಕ್ಕೆ ಖರ್ಚು ಕಡಿಮೆಯೆಂದು, ಕೊಡಬೇಕಾದ ಕೂಲಿಯ ಬದಲು ಪ್ರಶ್ನೆ ಕೊಡುವುದು ಸಲ್ಲದು. ಕೇಳಿಯೂ ಏನೂ ಮಾಡದಿದ್ದರೆ, ಮುಂದಿನ ಸಲ ಮಡಕೆಗೆ ನಿಜ ಬೀಳುವುದಿಲ್ಲ.

ಈ ಕೆಲಸಕ್ಕೆ ಒಪ್ಪುವ ಸದಸ್ಯ ಬಾಂಧವರು ಕೊಯ್ಲು ಆರಂಭವಾಗುವ ಮೊದಲೇ ಸಂಘದ ಕಚೇರಿಯಲ್ಲಿ ಹೆಸರು ಬರೆಸಬೇಕಾಗಿ ಕೋರುತ್ತೇನೆ. ಇಪ್ಪತ್ತು ತೋಟಗಳಾದರೆ ಸಾಕು, ಆರಂಭಿಸಬಹುದು.