ರೈಲಿನಲ್ಲಿ ಬಂದ ಮನೆಗಳು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ವಿರಳ. ಮದುವೆಯ ಮಾತು ಹಾಗಿರಲಿ. ಮನೆಯ ವಿಷಯದಲ್ಲಿ ಈ ಗಾದೆ ಏಕೆ ನಿಜವಾಯಿತೆಂದು ವಿಚಾರಿಸಿ ನೋಡಿರಿ. ಕಲ್ಲು ಬಂದ ದಿನ ಗಾರೆಯವನು ಬರುವುದಿಲ್ಲ. ಗಾರೆಯವನು ಬಂದ ದಿನ ಮರ ಬಂದಿರುವುದಿಲ್ಲ. ಬಂದ ಮರವನ್ನು ಬಡಗಿಯು ಅಳೆದು, ಕೊಯ್ದು, ಹೆರೆದು, ಸರಿಹೋಗದಿದ್ದರೆ ಮತ್ತೆ ಕೊಯ್ದು ಕೂಡಿಸುವಷ್ಟರಲ್ಲಿ ಮಳೆಗಾಲ ಹಿಡಿದಿರುತ್ತದೆ. ಹೊಲಿದ ಅಂಗಿಯನ್ನು ಅಂಗಡಿಯಿಂದ ತರುವಂತೆ, ಕೊಯ್ದು ಸಿದ್ಧಪಡಿಸಿದ ಮನೆಯನ್ನೂ ತರಿಸಿಕೊಳ್ಳುವಂತಿದ್ದರೆ ಈ ತೊಂದರೆ ಎಷ್ಟೋ ಕಡಿಮೆಯಾಗುತ್ತಿತ್ತಲ್ಲವೆ?

ಅಮೆರಿಕ ದೇಶದಲ್ಲಿ ಒಂದು ಕಾಲಕ್ಕೆ ಹಾಗೆ ತರಿಸಿಕೊಳ್ಳುವುದು ಸಾಧ್ಯವಾಗಿದ್ದಿತು. ಮಿಷಿಗನ್ ಪ್ರಾಂತದ ಬೇ ಸಿಟಿ ಎಂಬ ಊರಿನಲ್ಲಿ ೧೯೦೬ರಲ್ಲಿ ಸಾವರಿನ್ ಎಂಬ ಅಣ್ಣತಮ್ಮಂದಿರು ಅಲ್ಲಾದೀನ್ ಎಂಬ ಕಂಪನಿಯನ್ನು ತೆರೆದರು. ಅದೇ ಊರಿನ ಮತ್ತೊಂದು ಸಂಸ್ಥೆಯು ದೋಣಿಯ ತುಂಡುಗಳನ್ನು ಕೊಯ್ದು ಕಳುಹಿಸುತ್ತಿದ್ದಿತು; ಕೊಂಡವರು ತಾವೇ ಅವುಗಳನ್ನು ಜೋಡಿಸಿಕೊಳ್ಳುತ್ತಿದ್ದರು. ದೋಣಿಗೆ ಸಾಧ್ಯವಾದದ್ದು ಮನೆಗೇಕೆ ಸಾಧ್ಯವಾಗದು ಎಂದು ಯೋಚಿಸಿದ ಸಹೋದರರು ಮೊದಲು ದೋಣಿಯ ಕೊಟ್ಟಿಗೆ, ಮೋಟಾರಿನ ಕೊಟ್ಟಿಗೆ, ಬೇಸಗೆಯ ಕುಟೀರ ಮುಂತಾದ ಚಿಕ್ಕ ಕಟ್ಟಡಗಳನ್ನು ಮಾರಿದರು. ಅನಂತರ ಮನೆಗಳಿಗೆ ಕೈಹಾಕಿದರು. ಎರಡು ವರ್ಷಗಳ ತರುವಾಯ, ೧೯೦೮ರಲ್ಲಿ, ಚಿಕಾಗೊ ನಗರದ ಸಿಯರ್ಸ್ ರೋಬಕ್ ಕಂಪನಿಯು ೪೪ ಬಗೆಯ ಮನೆಗಳ ಕ್ಯಾಟಲಾಗನ್ನು ಪ್ರಕಟಿಸಿತು. ಸೂಜಿಯಿಂದ ಹಿಡಿದು ಹೊಲಿಗೆಯ ಯಂತ್ರದವರೆಗೆ ಎಲ್ಲವನ್ನೂ ಅಂಚೆಯ ಮೂಲಕ ಮಾರುತ್ತಿದ್ದ ಕಂಪನಿ ಇದು. ಆ ಕ್ಯಾಟಲಾಗಿನಲ್ಲಿ ಮನೆಯ ಸಾಮಗ್ರಿಯ ಬೆಲೆ ೩೬೦ ಡಾಲರಿನಿಂದ ೨,೮೯೦ ಡಾಲರಿನವರೆಗೆ ಇದ್ದಿತು. ೧೯೪೦ರಲ್ಲಿ ಈ ವ್ಯಾಪಾರವನ್ನು ನಿಲ್ಲಿಸುವ ವೇಳೆಗೆ ಸಿಯರ್ಸ್ ಸುಮಾರು ೭೦,೦೦೦ ಮನೆಗಳನ್ನು ಮಾರಿದ್ದಿತೆಂದು ಅಂದಾಜು ಮಾಡಿದ್ದಾರೆ. ಅಲ್ಲಾದೀನ್ ಕಂಪನಿಯು ೧೯೮೧ರವರೆಗೂ ಬಾಳಿತು.

ಇಷ್ಟು ಮನೆಗಳನ್ನು ರೈಲಿನಲ್ಲಿ ತುಂಬಿ ಕಳುಹಿಸಲು ಸಾಧ್ಯವಾದುದು ಹೇಗೆ? ಇದರ ಮೂಲವನ್ನು ತಿಳಿಯಬೇಕಾದರೆ ಇನ್ನೂ ಹಿಂದಕ್ಕೆ, ೧೮೩೦ರ ದಶಕದ ಚಿಕಾಗೊ ನಗರಕ್ಕೆ ಹೋಗಬೇಕು. ಅದಕ್ಕೆ ಮೊದಲು ಮರದ ಮನೆಯೆಂದರೆ ಭಾರಿ ತೊಲೆಗಳ ಮನೆ. ಒಂದು ತೊಲೆಯ ತುದಿಯನ್ನು ಕೆತ್ತಿ, ಇನ್ನೊಂದರಲ್ಲಿ ಕೊರೆದ ಕಂಡಿಯೊಳಗೆ ಕೂಡಿಸಿ ಮರದ ಗೂಟವನ್ನು ಬಡಿಯಬೇಕು. ನುರಿತ ಬಡಗಿಯಿಂದ ಮಾತ್ರ ಆಗುವ ಕೆಲಸ. ಚಿಕಾಗೊದಲ್ಲಿ ಬಡಗಿಗಳು ಕಡಿಮೆ, ಮನೆ ಬೇಕಾದವರು ಹೆಚ್ಚು. ಅಲ್ಲಿನವರು ಎರಡು ಅಂಗುಲ ದಪ್ಪ, ನಾಲ್ಕು ಅಂಗುಲ ಅಗಲದ ತೆಳ್ಳನೆಯ ಕಂಬಗಳನ್ನು ಹದಿನಾರು ಅಂಗುಲಕ್ಕೆ ಒಂದರಂತೆ ಸಾಲಾಗಿ ನಿಲ್ಲಿಸಿ, ಬರಿಯ ಮೊಳೆ ಹೊಡೆದು ಮನೆ ಕಟ್ಟತೊಡಗಿದರು. ನೋಡಿದವರು ನಕ್ಕು, ‘ಬಲೂನಿನ ಮನೆ’ ಎಂದು ಹಾಸ್ಯ ಮಾಡಿದರಂತೆ. ಆದರೆ ಮನೆ ಹಾರಿಹೋಗಲಿಲ್ಲ.

ಏಕೆ ಹಾರಿಹೋಗಲಿಲ್ಲ ಎಂಬುದನ್ನು ನೀವೇ ಪರೀಕ್ಷಿಸಬಹುದು. ನಾಲ್ಕು ಪಟ್ಟಿಗಳನ್ನು ಚೌಕವಾಗಿ ಜೋಡಿಸಿ ಮೂಲೆಗೊಂದು ಮೊಳೆ ಹೊಡೆಯಿರಿ. ಪಕ್ಕದಿಂದ ತಳ್ಳಿದರೆ ಚೌಕವು ಓರೆಯಾಗುತ್ತದೆ. ಈಗ ಅದರ ಮೇಲೆ ಒಂದು ತೆಳು ಹಲಗೆಯನ್ನು ಹೊದಿಸಿ ಅಲ್ಲಲ್ಲಿ ಮೊಳೆ ಹೊಡೆದು ಮತ್ತೆ ತಳ್ಳಿರಿ, ಚೌಕವು ಕದಲುವುದಿಲ್ಲ. ಈ ಮನೆಗಳಲ್ಲಿ ಸಾಲುಕಂಬಗಳು ಮೇಲಿನ ಭಾರವನ್ನು ಸ್ವಲ್ಪಸ್ವಲ್ಪವಾಗಿ ಹಂಚಿಕೊಳ್ಳುತ್ತವೆ; ಪಕ್ಕದಿಂದ ಬೀಸುವ ಗಾಳಿಯನ್ನು ಹೊದಿಕೆಯ ಹಲಗೆ ತಡೆಯುತ್ತದೆ. ಎಲ್ಲಕ್ಕಿಂತ ಮುಖ್ಯವಾದುದೆಂದರೆ, ನೂರಾರು ಕಂಬಗಳೂ ಒಂದೇ ಅಳತೆಯವು; ಒಂದರಂತೆ ಇನ್ನೊಂದು. ಎಲ್ಲಿ ಒಂದೇ ಅಳತೆಯ ವಸ್ತು ಸಾವಿರ ಸಂಖ್ಯೆಯಲ್ಲಿ ಬೇಕಾಗುತ್ತದೆಯೋ ಅಲ್ಲಿ ಯಂತ್ರಕ್ಕೆ ಕೆಲಸ ಸಿಕ್ಕಿತೆಂದು ತಿಳಿಯಿರಿ. ನಮ್ಮ ಮಂಗಳೂರು ಹೆಂಚು ಇದಕ್ಕೆ ಒಳ್ಳೆಯ ನಿದರ್ಶನ. ೧೮೬೫ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ಒಂದು ಹೆಂಚಿನ ಅಂಚು ಇನ್ನೊಂದರ ತೋಡಿನಲ್ಲಿ ತಾನಾಗಿ ಕೂಡುವುದರಿಂದ ಅಲ್ಲಿನ ಹೆಂಚು ಸಮುದ್ರವನ್ನು ದಾಟಿ ಹೋಗಿ ಪರದೇಶದ ಮಾಡಿನ ಮೇಲೂ ಕುಳಿತಿತು.

ಇಲ್ಲಿ ಒಂದು ಸಂದೇಹ ಏಳುವುದು ಸಹಜ. ಮರವು ಕಬ್ಬಿಣದಂತಲ್ಲ, ತೇವವನ್ನು ಹೀರಿ ಹಿಗ್ಗುತ್ತದೆ, ಒಣಗಿ ಕುಗ್ಗುತ್ತದೆ. ಮಳೆಗಾಲದಲ್ಲಿ ಬಾಗಿಲು ಬಿಗಿದುಕೊಂಡು, ಬೇಸಗೆಯಲ್ಲಿ ಸಡಿಲವಾಗುವುದನ್ನು ಎಲ್ಲರೂ ಕಂಡಿದ್ದೇವೆ. ಹಾಗಾದರೆ ತೇವವುಳ್ಳ ಊರಿನಲ್ಲಿ ಕೊಯ್ದ ತುಂಡು ಸಾವಿರ ಮೈಲಿ ದೂರದ ಒಣಭೂಮಿಗೆ ಹೋದಾಗ ಅಳತೆ ತಪ್ಪಬೇಡವೆ? ಮರದ ರಚನೆಯೇ ಇದಕ್ಕೆ ಉತ್ತರ. ಮರವು ಉದ್ದನೆಯ ನಾರುಗಳ ಕಟ್ಟು. ನಾರಿನ ಗೋಡೆಯಲ್ಲಿರುವ ಸೆಲ್ಯುಲೋಸಿನ ಸೂಕ್ಷ್ಮ ಎಳೆಗಳು ಬಹುಮಟ್ಟಿಗೆ ಕಾಂಡದ ಉದ್ದಕ್ಕೇ ಚಾಚಿಕೊಂಡಿರುತ್ತವೆ. ನೀರು ಈ ಎಳೆಗಳ ನಡುನಡುವೆ ಸೇರಿ ಅವುಗಳನ್ನು ಅಗಲಿಸಬಲ್ಲುದೇ ಹೊರತು ಎಳೆಗಳನ್ನು ಉದ್ದ ಮಾಡಲಾರದು. ಆದುದರಿಂದ ಹಸಿ ಮರವು ಪೂರ್ತಿಯಾಗಿ ಒಣಗಿದಾಗ ವಾರ್ಷಿಕ ಉಂಗುರಗಳ ದಿಕ್ಕಿನಲ್ಲಿ ನೂರಕ್ಕೆ ಆರರಿಂದ ಹತ್ತರಷ್ಟು ಕುಗ್ಗಿದರೂ, ಉದ್ದದಲ್ಲಿ ಕುಗ್ಗುವುದು ನೂರಕ್ಕೆ ೦.೧ ಅಥವಾ ೦.೨ ಮಾತ್ರ. ಒಂದಡಿ ಅಗಲದ ಹಲಗೆ ಮುಕ್ಕಾಲು ಅಂಗುಲ ಕಿರಿದಾಗಬಹುದು. ಎಂಟಡಿ ಎತ್ತರದ ಕಂಬ ಒಂದು ಅಂಗುಲದ ಐದನೆಯ ಒಂದು ಪಾಲಿಗಿಂತ ಹೆಚ್ಚು ಗಿಡ್ಡವಾಗದು. ಮೊದಲೇ ಒಣಗಿಸಿದ ಮರದಲ್ಲಿ ಅಷ್ಟೂ ಇಲ್ಲ. ಕಂಬಕ್ಕೂ ತೊಲೆಗೂ ಬೇಕಾದದ್ದು ಉದ್ದದ ನಿಖರತೆ. ಪ್ರಕೃತಿಯು ಮರಕ್ಕೆ ಈ ಗುಣವನ್ನು ಕೊಡದಿದ್ದರೆ ರೈಲಿನಲ್ಲಿ ಮನೆ ಕಳುಹಿಸುವ ವ್ಯಾಪಾರವೇ ಹುಟ್ಟುತ್ತಿರಲಿಲ್ಲವೆಂದು ನನ್ನ ಅಭಿಪ್ರಾಯ.

ಮರ ಸರಿಯಿದ್ದರೆ ಸಾಲದು, ಲೆಕ್ಕವೂ ಸರಿಯಿರಬೇಕು. ಮನೆಯ ಅಗಲ ೨೪ ಅಡಿ, ಗೋಡೆಯ ಮಟ್ಟದಿಂದ ಮಾಡಿನ ನೆತ್ತಿಯ ಎತ್ತರ ೫ ಅಡಿ ಎಂದಿಟ್ಟುಕೊಳ್ಳಿ. ಅರ್ಧ ಅಗಲ ೧೨; ಪೈಥಾಗೊರಸನ ನಿಯಮದಂತೆ ಮಾಡಿನ ಓರೆಮರದ ಉದ್ದ ೧೩ ಅಡಿ. ಇಳಿಜಾರಿಗೆ ತಕ್ಕಂತೆ ಅದರ ತುದಿಗಳನ್ನೂ ಓರೆಯಾಗಿ ಕೊಯ್ಯಬೇಕು. ಬಡಗಿಯು ಈ ಲೆಕ್ಕವನ್ನು ಪ್ರತಿ ಮನೆಗೂ ಹೊಸದಾಗಿ ಮಾಡುತ್ತಾನೆ. ಕಾರ್ಖಾನೆಯಲ್ಲಿ ಇದನ್ನು ಒಮ್ಮೆ ಮಾಡಿದರೆ ಸಾವಿರ ಮನೆಗಳಿಗೆ ಸಾಕು.

ಆರಂಭದಲ್ಲಿ ಸಿಯರ್ಸ್ ಮರವನ್ನು ಕೊಯ್ಯದೆಯೇ ಕಳುಹಿಸುತ್ತಿದ್ದಿತು; ಕೆಲವು ವರ್ಷಗಳ ಅನಂತರ ಅದೂ ಅಲ್ಲಾದೀನಿನ ದಾರಿಯನ್ನು ಹಿಡಿಯಿತು. ಒಂದು ಮನೆಗೆ ಸುಮಾರು ೩೦,೦೦೦ ತುಂಡುಗಳು. ಜೊತೆಗೆ ಬಾಗಿಲು, ಕಿಟಕಿ, ಬೀಗ, ಬಣ್ಣ, ಮೊಳೆ. ಮೊಳೆಯೇ ೭೫೦ ಪೌಂಡು, ಅಂದರೆ ೩೪೦ ಕಿಲೋಗ್ರಾಮು! ತೊಲೆಗಳ ಮೇಲೆ ಅಕ್ಷರವನ್ನೂ ಅಂಕಿಯನ್ನೂ ಒತ್ತಿರುತ್ತಿದ್ದರು. ನಕ್ಷೆಯಲ್ಲಿ ಅದೇ ಗುರುತನ್ನು ಹುಡುಕಿ ಅದೇ ಸ್ಥಳದಲ್ಲಿ ನಿಲ್ಲಿಸಿದರಾಯಿತು. ಮರದ ಗುಣಕ್ಕೆ ಅಲ್ಲಾದೀನ್ ಕೊಟ್ಟ ಭರವಸೆ ಸ್ವಾರಸ್ಯವಾದುದು: ಹೊರಗೋಡೆಯ ಹಲಗೆಯಲ್ಲಿ ಗಂಟು ಕಂಡರೆ ಗಂಟೊಂದಕ್ಕೆ ಒಂದು ಡಾಲರು! ಕೊಂಬೆ ಹೊರಟ ಸ್ಥಳವೇ ಗಂಟು. ಅಲ್ಲಿ ನಾರು ಸುತ್ತಿ ಹೋಗುವುದರಿಂದ ಹಲಗೆಯ ಬಲ ಕುಂದುತ್ತದೆ.

ಸಿಯರ್ಸ್ ಲೆಕ್ಕದಂತೆ ಸಾಮಾನ್ಯ ರೀತಿಯಲ್ಲಿ ಬಡಗಿಗಳ ೫೮೩ ಗಂಟೆಗಳ ದುಡಿಮೆಯನ್ನು ಬೇಡುವ ಮನೆಯು, ಕೊಯ್ದ ತುಂಡುಗಳಿಂದ ಕಟ್ಟಿದಾಗ ೩೫೨ ಗಂಟೆಗಳಲ್ಲಿ ಮುಗಿಯುತ್ತಿದ್ದಿತು. ಇದು ಮಾರುವವರ ಲೆಕ್ಕವೆಂಬುದನ್ನು ಮರೆಯಬಾರದು. ಆದರೂ ಉಳಿತಾಯವಂತೂ ನಿಜ. ಇನ್ನೂ ಕಡಿಮೆ ಹಣವುಳ್ಳವರಿಗೆ ಗೋಲ್ಡನ್‌ರಾಡ್ ಎಂಬ ಮೂರು ಕೋಣೆಗಳ ಬೇಸಗೆಯ ಕುಟೀರವಿದ್ದಿತು. ಅದರಲ್ಲಿ ಬಚ್ಚಲಿಲ್ಲ. ಪಾಯಿಖಾನೆ ಬೇಕೆಂದವರು ಅದನ್ನು ಬೇರೆಯಾಗಿ ಕೊಳ್ಳಬೇಕು!

ಆದರೆ ವ್ಯಾಗನ್ನಿನಲ್ಲಿ ಬಾರದ ವಸ್ತುಗಳೂ ಇದ್ದವು. ನಿವೇಶನ ಬರಲಿಲ್ಲ. ಇಟ್ಟಿಗೆ, ಕಲ್ಲು, ಸಿಮೆಂಟುಗಳಿಗೆ ಬೆಲೆಗಿಂತ ರೈಲಿನ ಬಾಡಿಗೆಯೇ ಹೆಚ್ಚಾಗುವುದರಿಂದ ಅವನ್ನು ಊರಿನಲ್ಲೇ ಕೊಳ್ಳಬೇಕು. ತಳಪಾಯ ತೋಡುವ ಕೂಲಿ, ಗಾರೆಯ ಕೂಲಿ, ಎಲ್ಲವೂ ಬೇರೆ. ಕ್ಯಾಟಲಾಗಿನ ಬೆಲೆಯನ್ನೇ ಮನೆಯ ಬೆಲೆಯೆಂದು ತಿಳಿದವರಿಗೆ ಕೈಯಲ್ಲಿದ್ದ ಹಣ ಸಾಲದೆ ಹೋಗುತ್ತಿದ್ದುದು ಸಹಜವೇ. ಈ ಕೊರತೆಯನ್ನು ತುಂಬಲು ಸಿಯರ್ಸ್ ೧೯೧೧ರಿಂದ ಅಡಮಾನದ ಮೇಲೆ ಸಾಲ ಕೊಡತೊಡಗಿತು. ಸಾಲವು ಮನೆಗಳನ್ನು ಮಾರಿತು. ಸಾಲವೇ ವ್ಯಾಪಾರವನ್ನು ಮುಳುಗಿಸಿತು. ೧೯೨೯ರ ಅನಂತರ ಬಂದ ಆರ್ಥಿಕ ಮುಗ್ಗಟ್ಟಿನಲ್ಲಿ ಕೆಲಸ ಕಳೆದುಕೊಂಡವರು ಕಂತು ಕಟ್ಟಲಾರದೆ ಹೋದರು. ತನ್ನ ಗಿರಾಕಿಗಳ ಮನೆಯನ್ನೇ ಕಂಪನಿಯು ಕಸಿದುಕೊಳ್ಳಬೇಕಾಯಿತು. ೧೯೩೪ರಲ್ಲಿ ೧ ಕೋಟಿ ೧೦ ಲಕ್ಷ ಡಾಲರುಗಳಷ್ಟು ಅಡಮಾನ ಸಾಲದ ಲೆಕ್ಕವನ್ನು ಅದು ಮುಚ್ಚಿತು. ತನ್ನ ಕೈಯಿಂದಲೇ ಮೊಳೆ ಹೊಡೆದು ಕಟ್ಟಿದ ಮನೆಯನ್ನು ಬಿಟ್ಟು ಹೊರಟವನ ಸಂಕಟ ಆ ಲೆಕ್ಕದ ಪುಸ್ತಕದಲ್ಲಿ ಬರುವುದಿಲ್ಲ.

ಎರಡನೆಯ ಮಹಾಯುದ್ಧದ ತರುವಾಯ ಮನೆಗಳ ಅಭಾವ ಎಲ್ಲೆಲ್ಲೂ ಕಾಣಿಸಿತು. ಬರಿಯ ತುಂಡುಗಳೇಕೆ, ಸಿದ್ಧವಾದ ಗೋಡೆಗಳನ್ನೇ ಕಾರ್ಖಾನೆಯಲ್ಲಿ ತಯಾರಿಸೋಣವೆಂದು ಹೊರಟವರು ಹಲವರು. ಒಹಾಯೊ ಪ್ರಾಂತದ ಲುಸ್ಟ್ರಾನ್ ಕಂಪನಿಯು ಸರಕಾರದ ಮೂರು ಕೋಟಿ ಡಾಲರಿಗೂ ಮಿಕ್ಕ ಸಾಲದಿಂದ ಪಿಂಗಾಣಿ ಲೇಪದ ಉಕ್ಕಿನ ಮನೆಗಳನ್ನು ಮಾಡಿತು. ದಿನಕ್ಕೆ ನೂರು ಮನೆಗಳ ಲೆಕ್ಕದಲ್ಲಿ ಕಾರ್ಖಾನೆಯನ್ನು ಹೂಡಿದ್ದರು; ೧೯೪೮ರಿಂದ ೧೯೫೦ರವರೆಗೆ ಒಟ್ಟು ಹೊರಬಂದವು ಸುಮಾರು ೨,೫೦೦ ಮಾತ್ರ. ಯಂತ್ರಗಳಿಗೆ ಸುರಿದ ಹಣ ಇಷ್ಟೇ ಮನೆಗಳ ತಲೆಯ ಮೇಲೆ ಬಿದ್ದು ಬೆಲೆ ಏರಿತು, ಕಂಪನಿ ದಿವಾಳಿಯಾಯಿತು.

ನಮ್ಮ ದೇಶದಲ್ಲೂ ಇಂಥದೇ ಪ್ರಯತ್ನ ನಡೆಯಿತು. ಓಟೊ ಕೋನಿಗ್ಸ್‌ಬರ್ಗರ್ ಎಂಬ ಜರ್ಮನ್ ವಾಸ್ತುಶಿಲ್ಪಿ ೧೯೩೯ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ಕಟ್ಟಡಗಳನ್ನು ರೂಪಿಸಿದರು. ೧೯೪೮ರಲ್ಲಿ ಅವರು ಕೇಂದ್ರ ಸರಕಾರದ ವಸತಿ ನಿರ್ದೇಶಕರಾದರು. ದೇಶ ವಿಭಜನೆಯಿಂದ ನಿರಾಶ್ರಿತರಾದ ಲಕ್ಷಾಂತರ ಜನರಿಗೆ ಸೂರು ಬೇಕಾಗಿದ್ದಿತು. ಹಗುರ ಕಾಂಕ್ರೀಟಿನ ಗೋಡೆಗಳನ್ನು ಅಚ್ಚು ಹಾಕುವ ಕಾರ್ಖಾನೆ ದೆಹಲಿಯಲ್ಲಿ ಎದ್ದಿತು. ಚಪ್ಪಡಿಗಳಲ್ಲಿ ಬಿರುಕು ಕಾಣಿಸಿಕೊಂಡು ಯೋಜನೆ ನಿಂತುಹೋಯಿತು. ಕಾರ್ಖಾನೆಯು ಮುಂದೆ ಬೇರೆ ಕಾಂಕ್ರೀಟು ಸಾಮಾನುಗಳನ್ನು ಮಾಡುತ್ತ ಉಳಿದುಕೊಂಡಿತು.

ಮರದ ತುಂಡು ಕಾಲಂಗುಲ ಹೆಚ್ಚಾದರೆ ಉಜ್ಜುಗೊರಡಿನಿಂದ ಹೆರೆಯಬಹುದು. ಗೋಡೆಯಗಲದ ಚಪ್ಪಡಿ ಕಾಲಂಗುಲ ಹೆಚ್ಚಾದರೆ ಏನು ಮಾಡುವುದು? ಹಳೆಯ ಕಂಪನಿಗಳು ಕೊಯ್ಯುವ ಕೆಲಸವನ್ನು ಮಾತ್ರ ಕಾರ್ಖಾನೆಗೆ ಒಯ್ದು, ಕೂಡಿಸುವ ಕೆಲಸವನ್ನು ಮನುಷ್ಯನ ಕೈಗೆ ಬಿಟ್ಟಿದ್ದರು. ಅವರ ಮನೆಗಳು ಉಳಿದುದಕ್ಕೆ ಇದೇ ಮುಖ್ಯ ಕಾರಣವೆಂದು ನನಗೆ ತೋರುತ್ತದೆ. ಗೆದ್ದಲೂ ದೀರ್ಘ ಮಳೆಗಾಲವೂ ಇರುವ ನಮ್ಮ ನಾಡಿಗೆ ಆ ಮರದ ಮನೆ ಹಾಗೆಯೇ ಒಗ್ಗದು. ಕೆಲಸದ ಆ ಹಂಚಿಕೆ ಒಗ್ಗಬಾರದೆಂದೇನೂ ಇಲ್ಲ.

೧೯೧೭ರಲ್ಲಿ ಇಂಗ್ಲೆಂಡಿನ ಹರ್ಬರ್ಟ್ ಆಸ್ಟಿನ್ ಅವರು ತಮ್ಮ ಮೋಟಾರು ಕಾರ್ಖಾನೆಯ ಕೆಲಸಗಾರರಿಗಾಗಿ ಅಲ್ಲಾದೀನಿನ ೨೦೦ ಮರದ ಮನೆಗಳನ್ನು ಹಡಗಿನಲ್ಲಿ ತರಿಸಿದರು. ಬೆಂಕಿ ಹರಡದಿರಲೆಂದು ನಡುನಡುವೆ ಇಟ್ಟಿಗೆಯ ಮನೆಗಳನ್ನು ಕಟ್ಟಿಸಿದರು. ಬರ್ಮಿಂಗ್‌ಹ್ಯಾಮಿನ ಆ ಬಡಾವಣೆಯಲ್ಲಿ ಇಂದಿಗೂ ಜನ ವಾಸವಾಗಿದ್ದಾರೆ. ಇತ್ತ ಅಮೆರಿಕದಲ್ಲಿ, ಸಿಯರ್ಸ್ ತನ್ನ ಮಾರಾಟದ ದಾಖಲೆಗಳನ್ನು ನಾಶಪಡಿಸಿದ್ದರಿಂದ ಯಾವ ಮನೆ ಅದರದು ಎಂಬುದಕ್ಕೆ ಪಟ್ಟಿಯೇ ಇಲ್ಲ. ಹಳೆಯ ಮನೆಗಳಲ್ಲಿ ಆಸಕ್ತಿಯುಳ್ಳವರು ದೀಪ ಹಿಡಿದು ನೆಲಮಾಳಿಗೆಗೆ ಇಳಿಯುತ್ತಾರೆ. ತೊಲೆಗಳ ಧೂಳನ್ನು ಒರೆಸಿ, ಕಾರ್ಖಾನೆಯಲ್ಲಿ ಒತ್ತಿದ ಒಂದು ಅಕ್ಷರವನ್ನೂ ಅದರ ಪಕ್ಕದ ಅಂಕಿಗಳನ್ನೂ ಹುಡುಕುತ್ತಾರೆ.